ಅಜ್ಜ ಅಜ್ಜಿಯನ್ನು ಥೀಮ್ ಪಾರ್ಕಿಗೆ ಕರೆದೊಯ್ಯಬಹುದೇ?

ಪ್ರಶ್ನೆ: ಬೇಸಿಗೆ ರಜೆಗೆ ಅಕ್ಕನ ಮಕ್ಕಳು ಧಾರವಾಡದಿಂದ ಬರುತ್ತಿದ್ದಾರೆ. ಮನೆಮಂದಿಯೆಲ್ಲ ಒಂದು ದಿನ ಬಿಡದಿ ಹತ್ತಿರದ ವಂಡರ್‌ಲಾಗೆ ಹೋಗೋಣ ಎಂದುಕೊಂಡಿದ್ದೇವೆ. ಅಪ್ಪನಿಗೆ 71. ಬಿಪಿ ಇದೆ, ಎರಡು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದೆ, ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ನಡೆಯುತ್ತಿದೆ. ಅಮ್ಮನಿಗೆ 66. ಶುಗರ್, ಜೊತೆಗೆ ಮಂಡಿನೋವು. ಡಾಕ್ಟರು 'ಹೋಗಿಬನ್ನಿ, ಹುಷಾರು' ಎಂದರು ಅಷ್ಟೆ. ಹುಷಾರು ಎಂದರೆ ಏನೇನು ಮಾಡಬೇಕು? ಅಪ್ಪನಂತೂ 'ಟಿಕೆಟ್ ದುಡ್ಡು ಕೊಟ್ಟ ಮೇಲೆ ರೋಲರ್ ಕೋಸ್ಟರ್ ಹತ್ತದೆ ಬಿಡಲ್ಲ' ಎಂದು ಕೂತಿದ್ದಾರೆ. (ರಾಜಾಜಿನಗರದ ಓದುಗರು)

ಉತ್ತರ: ಇಬ್ಬರನ್ನೂ ಕರೆದುಕೊಂಡು ಹೋಗಿ. ಎಪ್ಪತ್ತು ದಾಟಿತು ಎಂಬ ಒಂದೇ ಕಾರಣಕ್ಕೆ ಮನೆಯಲ್ಲಿ ಕೂರಿಸುವ ಅಗತ್ಯವಿಲ್ಲ. ರೈಡುಗಳ ಮುಂದಿನ ಫಲಕ ನೋಡಿ, ಅಲ್ಲಿ ಎತ್ತರದ ಮಿತಿ, ಹೃದಯ, ಬೆನ್ನು, ಬಸುರಿ ಎಂದೆಲ್ಲ ಇರುತ್ತದೆ. ವಯಸ್ಸಿನ ಮೇಲ್ಮಿತಿ ಇರುವುದು ಅಪರೂಪ. ಅದು ಸರಿಯೂ ಹೌದು. ಮೂಳೆ ಸವೆದ 58ರವರಿಗಿಂತ ದಿನಾ ನಾಲ್ಕು ಕಿಲೋಮೀಟರ್ ನಡೆಯುವ 74ರವರು ಅಲ್ಲಿ ಹೆಚ್ಚು ಸುರಕ್ಷಿತ. ಆದರೆ ನಿಮ್ಮ ತಂದೆಯವರಿಗೆ ರೋಲರ್ ಕೋಸ್ಟರ್ ಬೇಡ. ಇದರಲ್ಲಿ ರಾಜಿಯಿಲ್ಲ, ಕಾರಣ ಹೇಳುತ್ತೇವೆ. ಇನ್ನೊಂದು ಮಾತು: ಮನೆಯವರ ಕಣ್ಣೆಲ್ಲ ದೊಡ್ಡ ರೈಡಿನ ಮೇಲಿರುತ್ತದೆ. ಹಿರಿಯರನ್ನು ಕೆಡಿಸುವುದು ಹೆಚ್ಚಾಗಿ ಒದ್ದೆ ನೆಲ, ತಡವಾದ ಊಟ, ಬಿಸಿಲಲ್ಲಿ ನಿಂತ ಸರದಿ ಮತ್ತು ಲಾಕರಿನೊಳಗೆ ಉಳಿದ ಮಾತ್ರೆ.

ಮೊದಲು ರೈಡಿನ ವಿಷಯ. ವೇಗವೊಂದರಿಂದಲೇ ದೇಹಕ್ಕೆ ಏನೂ ಆಗದು. ಕಾರಿನಲ್ಲಿ ಎಕ್ಸ್‌ಪ್ರೆಸ್‌ವೇ ಮೇಲೆ ಅಷ್ಟೇ ವೇಗದಲ್ಲಿ ಹೋಗಿರುತ್ತೇವೆ. ತೊಂದರೆ ಕೊಡುವುದು ಜರ್ಕು, ಹಠಾತ್ ಬೀಳಿಕೆ, ಗಿರಗಿರ ಸುತ್ತು ಮತ್ತು ತಲೆಕೆಳಗಾಗುವುದು. ದೊಡ್ಡ ರೋಲರ್ ಕೋಸ್ಟರಿನ ತಿರುವಿನಲ್ಲಿ ಗುರುತ್ವದ ಮೂರು ನಾಲ್ಕು ಪಟ್ಟು ಬಲ ಬೀಳುತ್ತದೆ. ನಮ್ಮ ತಲೆ ಸುಮಾರು 5 ಕಿಲೋ ತೂಗುತ್ತದೆ. ಆ ಕ್ಷಣಕ್ಕೆ ಅದು ಕತ್ತಿನ ಮೇಲೆ 15ರಿಂದ 20 ಕಿಲೋ ಭಾರವಾಗಿ ಕೂರುತ್ತದೆ. ಇಪ್ಪತ್ತರ ಹುಡುಗನ ಕತ್ತಿನ ಸ್ನಾಯು ಇದನ್ನು ತಡೆದುಕೊಳ್ಳುತ್ತದೆ, ಸ್ಪಾಂಡಿಲೋಸಿಸ್ ಆಗಿ ಮೂಳೆ ಸವೆದ ಕತ್ತು ತಡೆಯದು. ಹೃದಯದ ಲೆಕ್ಕ ಬೇರೆ. ಜರ್ಮನಿಯ ಮಾನ್‌ಹೈಮ್‌ನ ವೈದ್ಯರು 55 ಆರೋಗ್ಯವಂತರನ್ನು ರೋಲರ್ ಕೋಸ್ಟರ್ ಹತ್ತಿಸಿ ಇಸಿಜಿ ತೆಗೆದಾಗ ನಾಡಿಬಡಿತ ಸರಾಸರಿ 91ರಿಂದ 153ಕ್ಕೆ ಏರಿತ್ತು. ಅವರು ಓಡಿರಲಿಲ್ಲ, ಕೂತೇ ಇದ್ದರು. ವಾಕಿಂಗಿನಲ್ಲಿ ಬಡಿತ ನಿಧಾನವಾಗಿ ಏರುತ್ತದೆ, ಹೃದಯಕ್ಕೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಇಲ್ಲಿ ಒಂದೇ ನಿಮಿಷದೊಳಗೆ ಎಲ್ಲ ಮುಗಿಯುತ್ತದೆ. ಸ್ಟೆಂಟ್ ಹಾಕಿದ ರಕ್ತನಾಳ ತೆರೆದಿರಬಹುದು, ಮಿಕ್ಕ ನಾಳಗಳ ಸ್ಥಿತಿ ಇವತ್ತು ಹೇಗಿದೆ ಎಂದು ಯಾರೂ ನೋಡಿರುವುದಿಲ್ಲ.

ತಂದೆಯವರ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಆ ರಕ್ತ ಹೆಪ್ಪುಗಟ್ಟದಿರುವ ಮಾತ್ರೆ. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ, ತಲೆಬುರುಡೆಗೂ ಮಿದುಳಿಗೂ ನಡುವಿನ ಜಾಗ ಹೆಚ್ಚುತ್ತದೆ. ಆ ಜಾಗವನ್ನು ದಾಟಿ ಹೋಗುವ ಸಣ್ಣ ಸಿರೆಗಳು ಎಳೆದ ದಾರದ ಹಾಗೆ ಬಿಗಿಯಾಗಿರುತ್ತವೆ. ತಲೆಗೆ ಪೆಟ್ಟು ಬೀಳಲೇಬೇಕೆಂದಿಲ್ಲ, ಜೋರಾಗಿ ಕುಲುಕಿದರೂ ಒಂದು ಸಿರೆ ಹರಿಯಬಹುದು. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್, ಅಪಿಕ್ಸಬಾನ್ ಇಂಥವು ನಡೆಯುತ್ತಿದ್ದರೆ ಸೋರುವ ರಕ್ತ ಬೇಗ ನಿಲ್ಲುವುದಿಲ್ಲ. ಹಾಗೆಂದು ಪಾರ್ಕಿಗೆ ಹೋಗುವ ದಿನ ಆ ಮಾತ್ರೆ ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು. ಸ್ಟೆಂಟಿನೊಳಗೆ ರಕ್ತ ಗಡ್ಡೆಕಟ್ಟಿದರೆ ಅದೇ ಹಾರ್ಟ್ ಅಟ್ಯಾಕ್. ಮಾತ್ರೆ ನಡೆಯಲಿ, ರೈಡು ಬಿಡಲಿ.

ಇನ್ನು ಹಿರಿಯರಿಗೆ 'ಪಾಪದ್ದು' ಎಂದುಕೊಂಡು ಮನೆಯವರೇ ಹತ್ತಿಸುವ ರೈಡುಗಳಿವೆ. ಅವುಗಳಲ್ಲಿ ಡ್ಯಾಶಿಂಗ್ ಕಾರ್ ನಮಗೆ ಕಂಡಂತೆ ಮೊದಲನೆಯದು. ಮೊಮ್ಮಗ ಹಿಂದಿನಿಂದ ಬಂದು ಗುದ್ದಿದಾಗ ಮೈ ಮುಂದಕ್ಕೆ ಹೋಗುತ್ತದೆ, ತಲೆ ಹಿಂದೆ ಉಳಿಯುತ್ತದೆ. ಆ ಗುದ್ದು ಬರುತ್ತದೆಂದು ಗೊತ್ತಿಲ್ಲದಿರುವುದರಿಂದ ಕತ್ತು ಬಿಗಿ ಹಿಡಿಯಲೂ ಆಗದು. ಕಪ್-ಸಾಸರಿನಂತೆ ಸುತ್ತುವ ರೈಡುಗಳು ಹೊರಳಿ ಮಲಗಿದರೆ ತಲೆಸುತ್ತು ಬರುವವರಿಗೆ ಆಗದು. ಕೊಲಂಬಸ್ ದೋಣಿಯಲ್ಲಿ ನಡುವಿನ ಸೀಟಿಗೂ ತುದಿಯ ಸೀಟಿಗೂ ಅಜಗಜಾಂತರ, ಆದರೂ ಹೃದಯದ ತೊಂದರೆ ಇದ್ದವರಿಗೆ ಎರಡೂ ಬೇಡ. ಎತ್ತರಕ್ಕೆ ಹೋಗಿ ದಢಕ್ಕನೆ ಇಳಿಯುವ ಕಂಬದ ರೈಡು, ಬೆನ್ನ ಮೇಲೆ ಮಲಗಿ ಜಾರುವ ನೀರಿನ ಸ್ಲೈಡು ಮೂಳೆ ಸವೆದವರ ಬೆನ್ನುಮೂಳೆಗೆ ಅಪಾಯ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಬೆನ್ನುಮೂಳೆಯ ಮಣಿ ಕುಸಿಯಲು ಒಂದು ಕುಕ್ಕು ಸಾಕು. ಋತುಬಂಧವಾಗಿ ವರ್ಷಗಳಾದ, ಎತ್ತರ ಎರಡು ಮೂರು ಸೆಂಟಿಮೀಟರ್ ಕುಗ್ಗಿರುವ ಹೆಂಗಸರಿಗೆ ಪರೀಕ್ಷೆ ಮಾಡಿಸದಿದ್ದರೂ ಇದೇ ನಿಯಮ.

ಜೈಂಟ್ ವೀಲ್, ಆಟದ ರೈಲು, ನಿಧಾನದ ದೋಣಿ, ಕೂತು ನೋಡುವ ಪ್ರದರ್ಶನಗಳು ಇಬ್ಬರಿಗೂ ಸರಿ. ಜೈಂಟ್ ವೀಲಿನಲ್ಲಿ ಜಾಗ್ರತೆ ಬೇಕಾದದ್ದು ಮೇಲಲ್ಲ, ಹತ್ತುವಾಗ ಇಳಿಯುವಾಗ. ತೊಟ್ಟಿಲು ಪೂರ್ತಿ ನಿಲ್ಲದೆ ಅಲುಗುತ್ತಿದ್ದರೆ 'ಒಂದು ನಿಮಿಷ ನಿಲ್ಲಿಸಿ' ಎಂದು ಆಪರೇಟರಿಗೆ ಮೊದಲೇ ಹೇಳಿ. ಕುರ್ಚಿ ಅಲ್ಲಾಡುವ ಥಿಯೇಟರಿನಲ್ಲಿ ಅಲ್ಲಾಡದ ಸೀಟು ಇದೆಯೇ ಎಂದು ಕೇಳಿ. ಹೊರಗಿನ ಬಿಸಿಲಿನಿಂದ ಕೃತಕ ಹಿಮದ ಕೋಣೆಗೆ ನೇರ ನುಗ್ಗುವುದು ಬೇಡವೇ ಬೇಡ. ಸೊನ್ನೆಗಿಂತ ಕೆಳಗಿನ ಚಳಿಗೆ ರಕ್ತನಾಳಗಳು ಸಂಕುಚಿಸುತ್ತವೆ, ಬಿಪಿ ಏರುತ್ತದೆ, ಹೃದಯದ ತೊಂದರೆಯವರಿಗೆ ಎದೆನೋವು ಬರಬಹುದು.

ಯಾವುದೇ ರೈಡಿನ ಸರದಿಗೆ ನಿಲ್ಲುವ ಮುಂಚೆ ಒಂದು ಸುತ್ತು ಪೂರ್ತಿ ನಿಂತು ನೋಡಿ. ಕೂತವರ ತಲೆ ಹಿಂದಿನ ಒರಗಿಗೆ ಬಡಿಯುತ್ತಿದೆಯೇ? ಯಾವಾಗಲಾದರೂ ತೊಡೆ ಸೀಟಿನಿಂದ ಮೇಲೇಳುತ್ತಿದೆಯೇ? ಮೆಲ್ಲಗೆ ನಿಲ್ಲದೆ ಗಕ್ಕೆಂದು ನಿಲ್ಲುತ್ತಿದೆಯೇ? ಇಳಿಯುವಾಗ ಜನ ಕೈ ಊರಿ ಏಳಬೇಕಾಗುತ್ತದೆಯೇ? ಮೊದಲ ಮೂರರಲ್ಲಿ ಒಂದಕ್ಕೆ ಹೌದು ಬಂದರೂ ತಂದೆಯವರು ಹತ್ತಬಾರದು. ನಾಲ್ಕನೆಯದು ಹೌದಾದರೆ ತಾಯಿಯವರ ಮಂಡಿಗೆ ಆಗದು. ಸೊಂಟದ ಕೀಲು ಬದಲಿಸಿಕೊಂಡವರಿಗೂ ತಗ್ಗಿನ ಸೀಟು ಬೇಡ. ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಕೃತಕ ಕೀಲು ಜಾರುವ ಭಯವಿದೆ.

ಹೆಚ್ಚಿನವರು ಗಮನಿಸದ ಒಂದು ಸಂಗತಿ ತೊಡೆಯ ಮೇಲೆ ಬರುವ ಕಂಬಿ. ಇಬ್ಬರಿಗೂ ಸೇರಿ ಒಂದೇ ಕಂಬಿ ಇದ್ದರೆ ಅದು ದಪ್ಪ ತೊಡೆಯವರ ಮೇಲೆ ನಿಂತುಬಿಡುತ್ತದೆ. ಸಣಕಲು ಅಜ್ಜಿಯ ಪಕ್ಕ ದಷ್ಟಪುಷ್ಟ ಮೊಮ್ಮಗ ಕೂತರೆ ಅಜ್ಜಿಯ ಕಡೆ ಒಂದು ಗೇಣು ಸಡಿಲ. ಪ್ರೀತಿಗೆ ಜೊತೆ ಕೂರಿಸುವ ಬದಲು ಮೈಕಟ್ಟು ಹೊಂದುವವರನ್ನು ಕೂರಿಸಿ. ಸೀರೆಯ ಸೆರಗು, ದುಪಟ್ಟಾ, ಮಫ್ಲರ್ ಯಾವುದೂ ಜೋತುಬಿದ್ದಿರಬಾರದು. ಸಡಿಲ ಹಲ್ಲುಸೆಟ್ಟು ತೆಗೆದು ಡಬ್ಬಿಯಲ್ಲಿಡಿ, ಶ್ರವಣಯಂತ್ರವನ್ನೂ.

ನೀರಿನ ಭಾಗಕ್ಕೆ ಬರೋಣ. ಹಿರಿಯರಿಗೆ ಹೆಚ್ಚು ಖುಷಿ ಕೊಡುವುದೂ ಇದೇ, ಹೆಚ್ಚು ಬೀಳಿಸುವುದೂ ಇದೇ. ಸವೆದ ಹವಾಯಿ ಚಪ್ಪಲಿ ಒದ್ದೆ ಟೈಲ್ಸ್ ಮೇಲೆ ಜಾರುವುದರಲ್ಲಿ ಸಾಬೂನಿಗೆ ಸಮ. ಹಿಮ್ಮಡಿಗೆ ಪಟ್ಟಿ ಇರುವ, ಅಡಿಯಲ್ಲಿ ಗೀರು ಉಳಿದಿರುವ ರಬ್ಬರ್ ಸ್ಯಾಂಡಲ್ ಅಥವಾ ನೀರಿಗೆಂದೇ ಸಿಗುವ ಬಟ್ಟೆಯ ಶೂ ತನ್ನಿ. ತಾಯಿಯವರಿಗೆ ಇದು ಇನ್ನೊಂದು ಕಾರಣಕ್ಕೂ ಬೇಕು. ವರ್ಷಗಟ್ಟಲೆ ಶುಗರ್ ಇದ್ದವರ ಅಂಗಾಲಿಗೆ ಬಿಸಿ ಸರಿಯಾಗಿ ತಿಳಿಯದಿರಬಹುದು. ಮಧ್ಯಾಹ್ನದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಡೆದರೆ ನಮಗೆ ಚುರ್ ಎನ್ನುತ್ತದೆ, ಅವರಿಗೆ ಏನೂ ಅನ್ನಿಸದೆ ಸಂಜೆ ಬೊಬ್ಬೆ ಎದ್ದಿರುತ್ತದೆ. ಆ ಬೊಬ್ಬೆ ಕೀವಾದರೆ ತಿಂಗಳುಗಟ್ಟಲೆ ಕಾಡುತ್ತದೆ. ನೀರಿನಿಂದ ಎದ್ದೊಡನೆ ಬೆರಳ ಸಂದಿ ಒರೆಸಿ, ಅಂಗಾಲನ್ನು ಬೇರೆಯವರು ನೋಡಿ.

ಸೀರೆ, ಪಂಚೆ, ಹತ್ತಿಯ ಬಟ್ಟೆಗೆ ನೀರಿನ ಭಾಗದಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡು ಎಳೆಯುತ್ತದೆ, ನಿಯಮ ಸರಿಯಾಗಿಯೇ ಇದೆ. ನೈಲಾನಿನ ಉದ್ದ ತೋಳಿನ ಟೀಶರ್ಟು, ಪ್ಯಾಂಟು ಮೊದಲೇ ಮನೆಯಲ್ಲಿ ಹಾಕಿ ನೋಡಿ ತನ್ನಿ. ಅಲ್ಲಿ ಗಡಿಬಿಡಿಯಲ್ಲಿ ಕೊಂಡದ್ದು ಬಿಗಿಯಾದರೆ ಒದ್ದೆ ಕೋಣೆಯಲ್ಲಿ ಒಂಟಿಕಾಲಲ್ಲಿ ನಿಂತು ಎಳೆದಾಡುವಾಗಲೇ ಬೀಳುವುದು. ಬಟ್ಟೆ ಬದಲಿಸುವಾಗ ಕೂತೇ ಬದಲಿಸಬೇಕು. ವೇವ್ ಪೂಲಿನಲ್ಲಿ ಮಂಡಿಯುದ್ದ ನೀರಿನಾಚೆ ಹೋಗಬಾರದು. ಅಲೆಗೆ ಬೆನ್ನು ಕೊಡದೆ ಪಕ್ಕ ತಿರುಗಿ, ಕಾಲು ಅಗಲಿಸಿ ನಿಲ್ಲಿ. ಅಲೆ ಬರುವಾಗಷ್ಟೇ ಅಲ್ಲ, ಹಿಂದೆ ಎಳೆಯುವಾಗಲೂ ಬೀಳುವವರಿದ್ದಾರೆ. ನಿಧಾನ ಹರಿವ ನೀರಿನಲ್ಲಿ ತೇಲುವ ಲೇಜಿ ರಿವರಿನ ಟ್ಯೂಬಿಗೆ ಕೂರಲು ಇಬ್ಬರು ಹಿಡಿದುಕೊಳ್ಳಬೇಕು, ಏಳಲೂ ಇಬ್ಬರು. ಡಿಸೆಂಬರ್ ಜನವರಿಯಲ್ಲಿ ನೀರು ತಣ್ಣಗಿರುತ್ತದೆ, ಮೊದಲು ಕಾಲು, ಕೈ, ಆಮೇಲೆ ಎದೆ ಒದ್ದೆ ಮಾಡಿಕೊಂಡು ಇಳಿಯಿರಿ. ಮಳೆ ಡ್ಯಾನ್ಸು ಬಿಟ್ಟುಬಿಡಿ. ಕತ್ತಲು, ಮಿನುಗುವ ದೀಪ, ಜಾರುವ ನೆಲ, ಕುಣಿಯುವ ಹುಡುಗರು, ಹಿರಿಯರು ಬೀಳಲು ಬೇಕಾದದ್ದೆಲ್ಲ ಒಂದೇ ಕಡೆ ಸೇರಿರುತ್ತದೆ. ಕಣ್ಣಿನ ಪೊರೆಯ ಆಪರೇಷನ್ ಆಗಿ ಹೆಚ್ಚು ದಿನವಾಗಿಲ್ಲದಿದ್ದರೆ ಕಣ್ಣಿನ ಡಾಕ್ಟರು ಒಪ್ಪುವವರೆಗೆ ನೀರಿನ ತಂಟೆಯೇ ಬೇಡ.

ಈಗ ತಾಯಿಯವರ ಶುಗರ್. ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಭಯ ಏರುವ ಶುಗರಿನದ್ದಲ್ಲ, ಇಳಿಯುವ ಶುಗರಿನದ್ದು. ಬೆಳಗ್ಗೆ ಏಳಕ್ಕೆ ಎರಡು ಇಡ್ಲಿ ತಿಂದು ಮಾತ್ರೆ ನುಂಗಿ ಹೊರಡುತ್ತಾರೆ, ಮೂರು ಗಂಟೆ ನಡೆದಾಟ, 'ಇದೊಂದು ರೈಡು ಮುಗಿಸಿ ಊಟ' ಎನ್ನುತ್ತಾ ಎರಡೂವರೆ ಆಗುತ್ತದೆ. ಇದಕ್ಕೇ ಶುಗರ್ ಕುಸಿಯುವುದು. ಹನ್ನೊಂದಕ್ಕೆ ಒಂದು ಸಣ್ಣ ತಿಂಡಿ, ಒಂದು ಗಂಟೆಗೆ ಊಟ. ಈ ಎರಡು ಹೊತ್ತು ಕದಲಬಾರದು, ಮಕ್ಕಳ ಸರದಿ ಎಲ್ಲೇ ಇರಲಿ. ನೀರಿಗಿಳಿಯುವ ಮುಂಚೆ ಮೀಟರಿನಲ್ಲಿ ನೋಡಿ. 100ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದು ಇಳಿಯಲಿ. 70ಕ್ಕಿಂತ ಕೆಳಗೆ ಬಂದಿದ್ದರೆ ಮೂರು ಟೀ ಚಮಚ ಗ್ಲೂಕೋಸ್ ಪುಡಿ ನೀರಿನಲ್ಲಿ ಕದಡಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ, ಏರಿದ ಮೇಲೆ ಊಟ ಮಾಡಿಸಿ. ಚಾಕೊಲೇಟು ಕೊಟ್ಟು ಕಾಯಬೇಡಿ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಮೆಟೊಪ್ರೊಲಾಲ್‌ನಂಥ ಬಿಪಿ ಮಾತ್ರೆಯೂ ಇದ್ದರೆ ಶುಗರ್ ಇಳಿದಾಗ ಬರಬೇಕಾದ ನಡುಕ, ಎದೆಬಡಿತ ಕಾಣಿಸದು. ಉಳಿಯುವುದು ಬೆವರೊಂದೇ. ನೀರಿನಲ್ಲಿ ಒದ್ದೆಯಾದ ಮೈಯಲ್ಲಿ ಬೆವರನ್ನು ಯಾರು ಕಂಡಾರು? ಆದ್ದರಿಂದ ಲಕ್ಷಣ ನಂಬದೆ ಮೀಟರ್ ನಂಬಿ. ಗ್ಲೂಕೋಸ್ ಪುಡಿ, ಮೀಟರ್, ಅಂದಿನ ಮಾತ್ರೆ ಮೂರನ್ನೂ ನೀರು ಹೋಗದ ಚೀಲದಲ್ಲಿ ಹಾಕಿ ಜೊತೆಗಿರುವ ದೊಡ್ಡವರೊಬ್ಬರ ಕೊರಳಿಗೆ ಹಾಕಿ. ಲಾಕರಿಗೆ ಹೋಗಬಾರದು. ಹೊರಗಿನ ತಿಂಡಿಗೆ ಗೇಟಿನಲ್ಲಿ ತಡೆಯುತ್ತಾರೆ, ಡಾಕ್ಟರ ಚೀಟಿ ತೋರಿಸಿ ಶುಗರಿಗೆಂದು ಹೇಳಿ. ಇನ್ಸುಲಿನ್ನನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಐಸಿಗೆ ತಾಗಿಸಿಯೂ ಇಡಬೇಡಿ.

ತಂದೆಯವರಿಗೆ ಬಿಪಿ ಮಾತ್ರೆ ಎಂದಿನಂತೆ. ಶೌಚಾಲಯಕ್ಕೆ ಓಡಬೇಕಾಗುತ್ತದೆಂದು ನೀರಿಳಿಸುವ ಮಾತ್ರೆಯನ್ನು ತಾವಾಗಿಯೇ ಬಿಡುವವರಿದ್ದಾರೆ, ಹಾಗೆಯೇ ನೀರು ಕುಡಿಯುವುದನ್ನೇ ಬಿಡುವವರೂ. ಎರಡೂ ತಪ್ಪು. ಆ ಮಾತ್ರೆಯನ್ನು ಆ ದಿನ ಯಾವ ಹೊತ್ತಿಗೆ ನುಂಗಬೇಕೆಂದು ಡಾಕ್ಟರನ್ನೇ ಕೇಳಿ. ಡಾಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆಯೂ ಮೈಯ ನೀರು ಇಳಿಸುತ್ತದೆ, ಅದನ್ನೂ ಕೇಳಿ. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ನುಂಗುವವರು ಕೂತಲ್ಲಿಂದ ದಡಕ್ಕನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಕಾಲು ಹತ್ತು ಸಲ ಆಡಿಸಿ, ಏನಾದರೂ ಹಿಡಿದು ಎದ್ದು, ಒಂದು ನಿಮಿಷ ನಿಂತು, ಆಮೇಲೆ ನಡೆಯಲಿ. ವಯಸ್ಸಾದಂತೆ ಬಾಯಾರಿಕೆಯೇ ಕಡಿಮೆಯಾಗುವುದರಿಂದ 'ಬಾಯಾರಿಕೆ ಆಗಿಲ್ಲ' ಎಂಬ ಮಾತು ಕೇಳಬೇಡಿ. ಅರ್ಧ ಗಂಟೆಗೊಮ್ಮೆ ಅರ್ಧ ಲೋಟ ಕೊಡಿ. ಹೃದಯ ವೈಫಲ್ಯಕ್ಕೆ ದಿನಕ್ಕಿಷ್ಟೇ ನೀರು ಎಂದಿದ್ದರೆ ಅದೇ ಲೆಕ್ಕ. ಎಳನೀರು ಒಂದು ಸಾಕು. ಬಿಪಿಗೆ ಟೆಲ್ಮಿಸಾರ್ಟನ್ ನುಂಗುವವರಿಗೆ, ಕಿಡ್ನಿ ಸರಿಯಿಲ್ಲದವರಿಗೆ ಮೂರು ನಾಲ್ಕು ಎಳನೀರಿನ ಪೊಟ್ಯಾಸಿಯಂ ಹೊರೆಯಾಗುತ್ತದೆ. ಮಡಿಕೇರಿ ಬಸ್ಸಿಗೆ ನುಂಗುವ ವಾಂತಿ ಮಾತ್ರೆಯನ್ನು ಹಿರಿಯರಿಗೆ ಮುಂಜಾಗ್ರತೆಗೆಂದು ಕೊಡಬೇಡಿ. ಪ್ರೊಮೆಥಜೀನ್‌ನಂಥವು ಅವರಲ್ಲಿ ಮಂಪರು, ಗೊಂದಲ, ಮೂತ್ರ ಕಟ್ಟುವುದು, ಬೀಳುವುದು ಎಲ್ಲ ತರುತ್ತವೆ. ವಾಂತಿ ಬರಿಸುವ ರೈಡು ಹತ್ತದಿದ್ದರೆ ಮಾತ್ರೆಯೇ ಬೇಡವಲ್ಲ.

ದಿನದ ಆಯ್ಕೆ ಬೇಗ ಹೇಳುತ್ತೇವೆ. ಶನಿವಾರ, ಭಾನುವಾರ, ದಸರಾ ರಜೆ, ವರ್ಷದ ಕೊನೆ ಬೇಡ. ಏಪ್ರಿಲ್ ಮೇನಲ್ಲೇ ಹೋಗಬೇಕಿದ್ದರೆ ವಾರದ ನಡುವೆ ಹೋಗಿ, ಗೇಟು ತೆರೆಯುವ ಹೊತ್ತಿಗೆ ಅಲ್ಲಿರಿ. ಬೆಂಗಳೂರು ತಂಪೂರು ಎಂಬ ಮಾತು ಬೇಸಿಗೆಯ ಮಧ್ಯಾಹ್ನಕ್ಕೆ ಹೊಂದದು, ಪಾರಾ 34, 35 ಮುಟ್ಟುತ್ತದೆ. ಹನ್ನೆರಡರಿಂದ ಮೂರರವರೆಗೆ ಹಿರಿಯರು ಸೂರಿನಡಿಯೇ ಇರಲಿ. ಸಂಜೆ ಗುಡುಗು ಮಳೆ ಬರುವ ಕಾಲ ಅದು, ಮೋಡ ಕವಿದರೆ ಮರದಡಿ ನಿಲ್ಲದೆ ಕಟ್ಟಡದೊಳಗೆ ಸೇರಿ. ಸ್ವಂತ ಕಾರಿಲ್ಲದಿದ್ದರೆ ನೇರಳೆ ಮಾರ್ಗದ ಮೆಟ್ರೋ ಚಲ್ಲಘಟ್ಟದವರೆಗೆ ಇದೆ, ಅಲ್ಲಿಂದ ಕ್ಯಾಬ್. ಆಟೋ, ಬೈಕಿಗೆ 2023ರ ಆಗಸ್ಟಿನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯರಸ್ತೆ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಸಾಗಬೇಕು, ಹೊತ್ತು ಹಿಡಿಯುತ್ತದೆ. ನಾಲ್ಕಕ್ಕೆ ಹೊರಟರೆ ಕೆಂಗೇರಿಯ ಸಂಜೆ ಟ್ರಾಫಿಕ್ ಸ್ವಲ್ಪ ತಪ್ಪುತ್ತದೆ.

ಮಂಡಿನೋವಿಗೆ ವೀಲ್‌ಚೇರ್ ತೆಗೆದುಕೊಳ್ಳಿ. ಟಿಕೆಟ್ ಮಾಡಿಸುವಾಗಲೇ ಫೋನ್ ಮಾಡಿ ವೀಲ್‌ಚೇರ್, ಇಳಿಜಾರು ದಾರಿ, 60 ದಾಟಿದವರ ರಿಯಾಯಿತಿ ಮೂರನ್ನೂ ವಿಚಾರಿಸಿ. ತಾಯಿಯವರು 'ನಾನೇನು ರೋಗಿಯೇ' ಎನ್ನಬಹುದು. ದಿನವಿಡೀ ಕೂರಬೇಕಿಲ್ಲ, ಬ್ಯಾಗು ಇಡಲು ತಂದಿದ್ದೇವೆ ಎಂದು ಹೇಳಿ ತಳ್ಳಿಕೊಂಡು ಹೋಗಿ. ಎರಡು ಗಂಟೆಯಾದರೆ ಅವರೇ ಕೂರುತ್ತಾರೆ. ನೀರಿನ ಸ್ಲೈಡಿನ ಮೆಟ್ಟಿಲು ಹತ್ತಿಬಿಟ್ಟು ಮೇಲೆ ಹೋಗಿ 'ಬೇಡ' ಎನಿಸಿದರೆ ಒದ್ದೆ ಮೆಟ್ಟಿಲು ಇಳಿಯಬೇಕು. ಸವೆದ ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ.

ಗೇಟು ದಾಟಿದ ಕೂಡಲೇ ಪ್ರಥಮ ಚಿಕಿತ್ಸೆಯ ಕೋಣೆ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಇಬ್ಬರ ಜೇಬಿನಲ್ಲೂ ಪ್ಲಾಸ್ಟಿಕ್ ಹೊದಿಕೆಯ ಚೀಟಿ ಇರಲಿ: ಹೆಸರು, ಕಾಯಿಲೆ, ಮಾತ್ರೆ, ಅಲರ್ಜಿ, ಸ್ಟೆಂಟ್ ಹಾಕಿದ ವರ್ಷ, ಮಕ್ಕಳ ಫೋನ್ ನಂಬರ್. ಎದೆ ಹಿಂಡಿದಂತಾಗಿ, ದವಡೆಗೋ ಕೈಗೋ ನೋವು ಹರಡಿ, ತಣ್ಣನೆಯ ಬೆವರು ಬಂದರೆ ಇದ್ದಲ್ಲೇ ಕೂರಿಸಿ. ಗೇಟಿನವರೆಗೆ ನಡೆಸಬೇಡಿ, ಪಾರ್ಕಿನ ಸಿಬ್ಬಂದಿಯನ್ನು ಕರೆಯಿರಿ, 108ಕ್ಕೆ ಫೋನ್ ಮಾಡಿ. ಡಾಕ್ಟರು ಮೊದಲೇ ಬರೆದುಕೊಟ್ಟಿದ್ದರೆ ಮಾತ್ರ ಎದೆನೋವಿನ ಸಾರ್ಬಿಟ್ರೇಟ್ ಮಾತ್ರೆ ನಾಲಗೆಯಡಿ ಇಡಿ, ಅದೂ ಕೂತೇ ಇದ್ದಾಗ. ಲೈಂಗಿಕ ಸಾಮರ್ಥ್ಯಕ್ಕೆಂದು ಸಿಲ್ಡೆನಾಫಿಲ್, ಟಡಾಲಾಫಿಲ್ ನುಂಗಿ ಒಂದೆರಡು ದಿನದೊಳಗಿದ್ದರೆ ಸಾರ್ಬಿಟ್ರೇಟ್ ಬಿಪಿಯನ್ನು ಅಪಾಯಕಾರಿಯಾಗಿ ಇಳಿಸುತ್ತದೆ. ಸಂಕೋಚದಿಂದ ಇದನ್ನು ಮನೆಯವರ ಮುಂದೆ ಹೇಳದವರಿದ್ದಾರೆ, ತಂದೆಯವರ ಹತ್ತಿರ ಮುಂಚೆಯೇ ಒಬ್ಬರೇ ಕೇಳಿ. 'ಜಯದೇವ ಹೃದ್ರೋಗ ಆಸ್ಪತ್ರೆಗೇ ಹೋಗೋಣ' ಎಂದು ಊರಾಚೆಯಿಂದ ಬನ್ನೇರುಘಟ್ಟ ರಸ್ತೆಯವರೆಗೆ ಹೊತ್ತು ಕಳೆಯಬೇಡಿ. ಇಸಿಜಿ ಮತ್ತು ಹೃದಯದ ತುರ್ತು ಚಿಕಿತ್ಸೆ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು. ಬಿದ್ದವರನ್ನು ಕಂಕುಳಿಗೆ ಕೈಹಾಕಿ ಎಬ್ಬಿಸುವ ಅಭ್ಯಾಸ ನಮ್ಮಲ್ಲಿದೆ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ ಬಿದ್ದಿದ್ದರೆ ಸೊಂಟದ ಮೂಳೆ ಮುರಿದಿದೆ ಎಂದೇ ತಿಳಿದು ಅಲುಗಿಸದೆ ಸ್ಟ್ರೆಚರ್ ತರಿಸಿ. ಬಿಸಿಲಿಗೆ ಮೈ ಸುಡುತ್ತಾ ಮಾತು ತೊದಲಿದರೆ ನೆರಳಿಗೆ ಸರಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಎಲ್ಲ ಸರಿಯಾಗಿ ಮನೆ ಸೇರಿದ ಮೇಲೂ ತಂದೆಯವರ ಮೇಲೆ ಒಂದು ತಿಂಗಳು ಕಣ್ಣಿಡಿ, ಅದರಲ್ಲೂ ನಿಮ್ಮ ಮಾತು ಮೀರಿ ಜರ್ಕಿನ ರೈಡು ಹತ್ತಿದ್ದರೆ ಅಥವಾ ಎಲ್ಲಾದರೂ ತಲೆ ತಗುಲಿದ್ದರೆ. ಸಿರೆಯಿಂದ ರಕ್ತ ತೊಟ್ಟುತೊಟ್ಟಾಗಿ ಸೋರುವುದರಿಂದ ಲಕ್ಷಣ ಎರಡು ಮೂರು ವಾರ ಕಳೆದು ಬರಬಹುದು. ಬಿಡದ ತಲೆನೋವು, ಹಗಲು ತೂಕಡಿಕೆ, ಒಂದು ಕಾಲು ಎಳೆಯುವುದು, ಮಾತು ಮರೆಯುವುದು ಕಂಡರೆ 'ವಯಸ್ಸಾಯಿತಲ್ಲ' ಎಂದು ಬಿಡದೆ ಅವತ್ತೇ ಆಸ್ಪತ್ರೆಗೆ ಹೋಗಿ. ರೈಡು ಹತ್ತಿದ ದಿನಾಂಕ ಮತ್ತು ಮಾತ್ರೆಯ ಹೆಸರು ಎರಡನ್ನೂ ಡಾಕ್ಟರಿಗೆ ಹೇಳಿ. ಅವು ಗೊತ್ತಿದ್ದರೆ ತಲೆಯ ಸಿಟಿ ಸ್ಕ್ಯಾನ್ ಬರೆಯಲು ಅವರು ತಡಮಾಡುವುದಿಲ್ಲ.